ಬಿಡಿಹಾಳೆಗಳ ಯೋಗಕ್ಷೇಮ

ಪುಸ್ತಕವನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಬರೆದಿದ್ದಾರೆ. ಪುಸ್ತಕವಾಗದೆ ಉಳಿದ ಹಾಳೆಯನ್ನು ಕುರಿತು ಬರೆದವರು ಕಡಮೆ. ಆದರೆ ಮನುಷ್ಯನ ಬಾಳಿನ ಮುಖ್ಯ ಸಂಗತಿಗಳೆಲ್ಲ ಬಂದು ನಿಲ್ಲುವುದು ಬಿಡಿಹಾಳೆಯಲ್ಲಿಯೇ. ಹುಟ್ಟಿದ ದಾಖಲೆ ಒಂದು ಹಾಳೆ, ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಒಂದು ಹಾಳೆ. ಜಮೀನಿನ ಸಾಗುವಳಿ ಚೀಟಿ ಒಂದು ಹಾಳೆ. ನಿವೃತ್ತಿವೇತನದ ಆದೇಶ ಒಂದು ಹಾಳೆ. ಇವನ್ನೆಲ್ಲ ಸೇರಿಸಿ ರಟ್ಟು ಕಟ್ಟಿಸಿ ಬೆನ್ನಿನ ಮೇಲೆ ಚಿನ್ನದ ಅಕ್ಷರ ಹಾಕಿಸುವಂತಿಲ್ಲ. ಏಕೆಂದರೆ ಯಾವ ಹಾಳೆಯನ್ನು ಯಾರು ಯಾವ ದಿನ ಕೇಳುವರೋ ತಿಳಿಯದು. ಹಾಳೆ ಬಿಡಿಯಾಗಿಯೂ ಇರಬೇಕು, ಕಳೆದುಹೋಗಲೂ ಬಾರದು. ಈ ಎರಡು ಬೇಡಿಕೆಗಳನ್ನು ಒಟ್ಟಿಗೆ ಪೂರೈಸಬೇಕಾದ ಸಾಧನಕ್ಕೆ ಫೈಲು ಎನ್ನುತ್ತೇವೆ. ಈಗ ನಮ್ಮ ಅಂಗಡಿಗಳಲ್ಲಿ ಸಿಕ್ಕುವ ಫೈಲು ಎರಡನ್ನೂ ಸರಿಯಾಗಿ ಪೂರೈಸುತ್ತಿಲ್ಲವೆಂಬುದು ನನ್ನ ದೂರು. ಇದಕ್ಕಿಂತ ಒಳ್ಳೆಯದನ್ನು ಮಾಡುವುದು ಸಾಧ್ಯ, ಅದನ್ನು ಮಾಡಲು ಇದೇ ತಕ್ಕ ಸಮಯ ಎಂಬುದು ನನ್ನ ವಾದ.

ನಾನು ಶಾಲೆಯ ಮೇಷ್ಟರಾಗಿದ್ದವನು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳಲ್ಲಿಯೇ ನನ್ನ ನೌಕರಿಯ ಬಹುಭಾಗ ಕಳೆಯಿತು. ವರ್ಗವಾದಾಗಲೆಲ್ಲ ಪಾತ್ರೆ ಪಡಗಗಳ ಜೊತೆಗೆ ಕಾಗದಗಳ ಗಂಟೂ ನನ್ನೊಡನೆ ಬಸ್ಸು ಹತ್ತಿದೆ. ಊರಿಗೊಂದು ಬಗೆಯ ಫೈಲು ಕೊಂಡು ನೋಡಿದ್ದೇನೆ. ಆದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಆಡಲು ನನಗೆ ಅಷ್ಟಿಷ್ಟು ಹಕ್ಕಿದೆಯೆಂದು ಭಾವಿಸುತ್ತೇನೆ.

ಮೊದಲನೆಯದು ರಟ್ಟಿನ ಫೈಲು. ಇದರ ಎಡಗಡೆಯ ಮೇಲ್ಮೂಲೆಯಲ್ಲಿ ಒಂದು ತೂತು; ಆ ತೂತಿನಲ್ಲಿ ಒಂದು ಟ್ಯಾಗು. ಮೊಳೆಗೆ ತೂಗುಹಾಕಿದ ಪಂಚಾಂಗದಂತೆ ಹಾಳೆಗಳೆಲ್ಲ ಆ ಒಂದು ಬಿಂದುವನ್ನೇ ನಂಬಿಕೊಂಡಿರುತ್ತವೆ. ಹತ್ತು ಹಾಳೆಗಳಿರುವವರೆಗೆ ಇದು ಚೆಂದ. ನೂರಾದವೆಂದರೆ ಫೈಲು ಬೀಸಣಿಗೆಯಾಗುತ್ತದೆ. ಒಂದನ್ನು ಮಗುಚುವಾಗ ಉಳಿದವುಗಳ ಭಾರವೆಲ್ಲ ಆ ತೂತಿನ ಅಂಚಿನ ಮೇಲೆ ಬಿದ್ದು ಮೂಲೆ ಹರಿಯುತ್ತದೆ. ಹರಿದ ಹಾಳೆಯನ್ನು ಪುಣ್ಯಾತ್ಮರು ಯಾರೋ ಪಕ್ಕದ ಹಾಳೆಗೆ ಗುಂಡುಸೂಜಿಯಿಂದ ಚುಚ್ಚಿಡುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸೂಜಿ ತುಕ್ಕು ಹಿಡಿದು, ಹಾಳೆಯ ಮೇಲೆ ಕಂದು ಬಣ್ಣದ ಕಲೆಯೊಂದನ್ನು ಬಿಟ್ಟು, ಕೊನೆಗೆ ಕಲೆಯ ಸ್ಥಳದಲ್ಲಿ ಇನ್ನೊಂದು ತೂತನ್ನೇ ಮಾಡಿರುತ್ತದೆ.

ಎರಡನೆಯದು ಪ್ಲಾಸ್ಟಿಕ್ಕಿನ ಚೀಲ. ನೀರು ತಾಗುವುದಿಲ್ಲವೆಂದು ಜನ ಇದನ್ನು ನೆಚ್ಚುತ್ತಾರೆ. ಹೊರಗಿನ ನೀರು ಒಳಗೆ ಬರುವುದಿಲ್ಲ, ನಿಜ. ಒಳಗಿನ ತೇವವೂ ಹೊರಗೆ ಹೋಗುವುದಿಲ್ಲ. ಅದೂ ಅಲ್ಲದೆ ಪಿ.ವಿ.ಸಿ. ಎಂಬ ಜಾತಿಯ ಪ್ಲಾಸ್ಟಿಕ್ಕನ್ನು ಮೃದುಗೊಳಿಸಲು ಬೆರೆಸಿದ ಎಣ್ಣೆಯಂಥ ದ್ರವ್ಯ ಕಾಲಕ್ರಮದಲ್ಲಿ ಜಿನುಗಿ ಜೆರಾಕ್ಸಿನ ಮಸಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಕೆಲವು ವರ್ಷಗಳ ಮೇಲೆ ಹಾಳೆಯನ್ನು ಹೊರಗೆಳೆದು ನೋಡಿದರೆ ಅಕ್ಷರಗಳು ಕಾಗದವನ್ನು ಬಿಟ್ಟು ಪ್ಲಾಸ್ಟಿಕ್ಕಿನ ಮೇಲೆ ತಿರುಗುಮುರುಗಾಗಿ ನಿಂತಿರುತ್ತವೆ. ಮಕ್ಕಳ ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸುವ ತಂದೆತಾಯಿಗಳ ವಾತ್ಸಲ್ಯವನ್ನು ನಾನು ಅಲ್ಲಗಳೆಯಲಾರೆ. ಆದರೆ ಬಿಸಿಯಿಂದ ಅಂಟಿಸಿದ ಆ ಹೊದಿಕೆಯನ್ನು ಕಾಗದಕ್ಕೆ ಪೆಟ್ಟಾಗದಂತೆ ಬಿಡಿಸುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲ. ಅದು ಅತಿಯಾದ ಮುದ್ದಿನಿಂದ ಉಸಿರುಕಟ್ಟಿಸಿದ ಹಾಗೆ.

ಇದೆಲ್ಲ ಸಣ್ಣ ಮಾತಲ್ಲವೆ, ಇದಕ್ಕೆ ಭಾನುವಾರದ ಪುಟವನ್ನು ಏಕೆ ಹಿಡಿಯಬೇಕು ಎಂದು ವಾಚಕರು ಕೇಳಬಹುದು. ಸಣ್ಣದು ಹೇಗೆ ದೊಡ್ಡದಾಗುತ್ತದೆಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಗೊರೂರಿನ ಬಳಿ ೧೯೭೯ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಎಷ್ಟೋ ಹಳ್ಳಿಗಳ ನೆಲ ಮುಳುಗಿತು. ನೆಲ ಬಿಟ್ಟವರು ಬೇರೆ ಕಡೆ ಬದುಕು ಕಟ್ಟಿಕೊಂಡರು. ಹಳೆಯ ಊರು ಇಲ್ಲಿತ್ತೆಂದು ತೋರಿಸಲು ಅಂಥವರಲ್ಲಿ ಉಳಿದಿರುವುದು ಕಾಗದ ಮಾತ್ರ. ನನ್ನ ಪರಿಚಯದ ವೃದ್ಧರೊಬ್ಬರ ಬಳಿ ತಮಗೆ ಬದಲಿ ಜಮೀನು ಕೊಟ್ಟ ಆದೇಶದ ನಕಲು ಇತ್ತು. ಜಮೀನನ್ನು ಮಕ್ಕಳ ಹೆಸರಿಗೆ ವಿಭಾಗಿಸಿ ಪೋಡಿ ಮಾಡಿಸಬೇಕಾಗಿ ಬಂದಾಗ ಮೂಲ ಕಡತವನ್ನು ಹುಡುಕಿಸಲು ಒಂದು ಕಚೇರಿಗೆ ಹೋದರು. ಜೊತೆಗೆ ನಾನೂ ಹೋಗಿದ್ದೆ.

ಗುಮಾಸ್ತರು ಮರ್ಯಾದಸ್ಥರು. ನಕಲನ್ನು ಬೆಳಕಿಗೆ ಹಿಡಿದು ನೋಡಿ, ‘ಯಜಮಾನ್ರೇ, ಆದೇಶದ ನಂಬರು ಹೇಳಿ, ಹುಡುಕಿಸ್ತೀನಿ’ ಎಂದರು. ನಂಬರು ಇರಬೇಕಾದ ಸ್ಥಳದಲ್ಲಿ ಒಂದು ಕರಿಯ ದುಂಡು ಇತ್ತು. ಸರ್ಕಾರಿ ಪತ್ರದ ಸಂಖ್ಯೆ ಬರುವುದು ಹಾಳೆಯ ಎಡಗಡೆಯ ಮೇಲ್ಭಾಗದಲ್ಲಿ. ಟ್ಯಾಗಿಗೆಂದು ತೂತು ಹಾಕುವುದೂ ಅಲ್ಲಿಯೇ. ಮೂಲ ಹಾಳೆಯ ತೂತು ನಕಲಿನಲ್ಲಿ ಕರಿಯ ದುಂಡಾಗಿ ಮೂಡಿತ್ತು. ವೃದ್ಧರು ಕೋಪಿಸಿಕೊಳ್ಳದೆ ಹೇಳಿದರು: ‘ನಂಬರಿನ ಮೇಲೇ ತೂತು ಹೊಡೆದಿಟ್ಟವರು ನೀವೇ ಅಲ್ವ ಸ್ವಾಮಿ. ನಾನೆಲ್ಲಿಂದ ತರಲಿ?’ ಸಂಖ್ಯೆಯಿಲ್ಲದೆ ಕಡತ ಸಿಕ್ಕದು, ಕಡತವಿಲ್ಲದೆ ಪೋಡಿಯಾಗದು. ಆ ಕಾಗದವನ್ನು ಜೋಪಾನ ಮಾಡಬೇಕೆಂದು ಕಟ್ಟಿದ ಫೈಲೇ ಅದರ ಕಣ್ಣು ಕಿತ್ತಿತ್ತು.

ಆ ದಿನದಿಂದ ನನಗೆ ಈ ತೂತಿನ ಮೇಲೆ ಕಣ್ಣು. ಹಾಳೆಗೆ ತೂತು ಹಾಕಿ ದಾರ ಪೋಣಿಸುವುದು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿಯೇ ಶ್ರವಣಬೆಳಗೊಳವಿದೆ. ವಿದ್ಯಾರ್ಥಿಗಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ದಾಗ ಅವರು ಬೆಟ್ಟ ಹತ್ತಿ, ಗೊಮ್ಮಟನನ್ನು ಕತ್ತೆತ್ತಿ ನೋಡಿ, ಇಳಿದು ಎಳನೀರು ಕುಡಿದು ಬಸ್ಸು ಹತ್ತುತ್ತಾರೆ. ಕ್ಷೇತ್ರದಲ್ಲಿ ಪ್ರಾಕೃತ ಅಧ್ಯಯನಕ್ಕೆ ಮೀಸಲಾದ ಸಂಸ್ಥೆಯೊಂದಿದೆ. ಅಲ್ಲಿ ತಾಳೆಗರಿಗಳನ್ನು ಸಂಗ್ರಹಿಸಿ ಕಾಪಾಡುವ ಕೆಲಸ ನಡೆದಿದೆ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದುದು ಇಷ್ಟೇ: ಓದಲು ಬಾರದಿದ್ದರೂ ಒಂದು ಓಲೆಯ ಕಟ್ಟನ್ನು ನೋಡಿ, ಅಕ್ಷರವನ್ನಲ್ಲ, ಅಕ್ಷರವಿಲ್ಲದ ಜಾಗವನ್ನು ನೋಡಿ.

ಓಲೆಯ ಗರಿಯಲ್ಲಿ ದಾರಕ್ಕೆಂದು ಒಂದೋ ಎರಡೋ ತೂತುಗಳಿರುತ್ತವೆ. ಬರೆಯುವಾತ ಕಂಠವನ್ನು ಹಿಡಿದು ಸಾಲನ್ನು ಕೊರೆಯುತ್ತ ಬಂದು, ತೂತಿನ ಸಮೀಪಕ್ಕೆ ಬಂದೊಡನೆ ನಿಲ್ಲಿಸಿ, ಅದರ ಸುತ್ತ ಚೌಕನಾದ ಜಾಗವನ್ನು ಖಾಲಿ ಬಿಟ್ಟು, ಆಚೆಯಿಂದ ಮತ್ತೆ ಮುಂದುವರಿಸುತ್ತಾನೆ. ಪದ ಅರ್ಧಕ್ಕೆ ನಿಂತರೂ ಚಿಂತೆಯಿಲ್ಲ. ಅದು ತೂತಿನ ಆ ಬದಿಯಲ್ಲಿ ಮುಗಿಯುತ್ತದೆ. ದಾರ ನೂರಾರು ಸಲ ಎಳೆದಾಡಿ ತೂತಿನ ಅಂಚು ಸವೆದು ಅಗಲವಾದರೂ ಅಕ್ಷರಕ್ಕೆ ತಾಗದಷ್ಟು ಅವಕಾಶವನ್ನು ಆತ ಮೊದಲೇ ಲೆಕ್ಕ ಹಾಕಿಟ್ಟಿದ್ದಾನೆ. ಬರೆಯುವವನಿಗೆ ಕಟ್ಟುವವನ ಕಷ್ಟ ಗೊತ್ತಿತ್ತು. ನಮ್ಮ ಪದ್ಧತಿಯಲ್ಲಿ ಬರೆಯುವವನು ಬರೆದು ಸಹಿ ಮಾಡಿ ಮೊಹರು ಒತ್ತಿ ಕಳುಹಿಸುತ್ತಾನೆ. ಆಮೇಲೆ ಇನ್ನೊಬ್ಬನು, ಅಕ್ಷರವನ್ನು ನೋಡುವ ಗೊಡವೆಯಿಲ್ಲದೆ, ಯಂತ್ರವನ್ನು ಒತ್ತುತ್ತಾನೆ.

ಗರಿಗಳ ಮೇಲೊಂದು ಕೆಳಗೊಂದು ಹಲಗೆ. ದಾರ ಹಲಗೆಗಳ ಮೂಲಕ ಹಾದು, ಕಟ್ಟಿನ ಸುತ್ತ ಸುತ್ತಿ, ಎಲ್ಲದರ ಮೇಲೆ ಒಂದು ಬಟ್ಟೆ. ದಾರವನ್ನು ಸಡಿಲಿಸಿದರೆ ಗರಿಗಳನ್ನು ಸರಾಗವಾಗಿ ಮಗುಚಬಹುದು. ಪೂರ್ಣ ಬಿಚ್ಚಿದರೆ ಒಂದನ್ನು ತೆಗೆದು ಪ್ರತಿ ಮಾಡಿ ಮತ್ತೆ ಅದೇ ಸ್ಥಾನದಲ್ಲಿ ಸೇರಿಸಬಹುದು. ಬಟ್ಟೆ ಗಾಳಿಯನ್ನು ಬಿಡುತ್ತದೆ, ಧೂಳನ್ನು ತಡೆಯುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಒಪ್ಪಿಸಿದ ಇಂಥದೊಂದು ಓಲೆಯ ಕಟ್ಟಿನಲ್ಲಿಯೇ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. ೧೯೦೯ರಲ್ಲಿ ಅದನ್ನು ಅಚ್ಚು ಮಾಡಿಸಿದರು. ಶಾಸ್ತ್ರಿಗಳ ವಿದ್ವತ್ತಿಗೆ ನಮಸ್ಕಾರ. ಅವರ ಕೈಗೆ ಬರುವವರೆಗೆ ಆ ಗರಿಗಳನ್ನು ಚೆದರದಂತೆ ಹಿಡಿದಿಟ್ಟ ದಾರಕ್ಕೂ ಒಂದು ನಮಸ್ಕಾರ ಸಲ್ಲಬೇಕು.

ತಾಮ್ರಪಟಗಳ ಜಾಣತನ ಬೇರೆ ಬಗೆಯದು. ದಾನಪತ್ರದ ಹಲಗೆಗಳನ್ನು ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ತುದಿಗಳು ಕೂಡುವೆಡೆಯಲ್ಲಿ ಅರಸನ ಮುದ್ರೆಯನ್ನು ಕೂರಿಸುತ್ತಿದ್ದರು. ಬಳೆಯನ್ನು ಕತ್ತರಿಸದೆ ಒಂದು ಹಲಗೆಯನ್ನು ತೆಗೆಯುವುದಕ್ಕಾಗಲಿ ಸೇರಿಸುವುದಕ್ಕಾಗಲಿ ಬಾರದು. ಅನೇಕ ಪಟಗಳಲ್ಲಿ ಮೊದಲ ಹಲಗೆಯ ಹೊರಮೈ ಖಾಲಿ, ಅದೇ ಹೊದಿಕೆ. ಅಂಚುಗಳನ್ನು ತುಸು ಎತ್ತರಿಸಿರುವುದರಿಂದ ಹಲಗೆಗಳು ಒಂದಕ್ಕೊಂದು ಉಜ್ಜಿ ಅಕ್ಷರ ಅಳಿಯುವುದಿಲ್ಲ. ಕಲ್ಲಿನ ಮಾತು ಬಿಡಿ. ಬೆಳಗೊಳದ ಶಾಸನಗಳಿಗೆ ಫೈಲಿನ ಅಗತ್ಯವಿರಲಿಲ್ಲ. ೧೮೮೯ರಲ್ಲಿ ಬಿ. ಎಲ್. ರೈಸರು ಅಲ್ಲಿಯ ೧೪೪ ಶಾಸನಗಳನ್ನು ಪ್ರಕಟಿಸಿದರೆ, ೧೯೨೩ರಲ್ಲಿ ಆರ್. ನರಸಿಂಹಾಚಾರ್ಯರು ಹುಡುಕಿ ೫೦೦ಕ್ಕೆ ಮುಟ್ಟಿಸಿದರು. ಕಾಯುವವರಿಲ್ಲದಿದ್ದರೂ ಕಲ್ಲು ಕಾದಿತ್ತು. ಕಾಗದಕ್ಕೆ ಆ ತಾಳ್ಮೆಯಿಲ್ಲ.

ಫೈಲಿಗೆ ನಮ್ಮ ಆಡಳಿತ ಭಾಷೆಯಲ್ಲಿ ಈಗ ಬಳಕೆಯಲ್ಲಿರುವ ‘ಕಡತ’ ಎಂಬ ಮಾತಿನ ಕಥೆಯೂ ಸ್ವಾರಸ್ಯವಾದುದು. ಕಡತವೆಂದರೆ ಮೂಲದಲ್ಲಿ ಹುಣಿಸೆ ಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು ಕಪ್ಪಾಗಿಸಿದ ಬಟ್ಟೆ. ಅದನ್ನು ಮಡಿಕೆ ಮಡಿಕೆಯಾಗಿ ಮಡಿಸಿ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾದವು. ಕಡತದಲ್ಲಿ ಬರಹವನ್ನು ಒರೆಸಬಹುದಾಗಿತ್ತು, ಆದರೆ ಹಾಳೆ ಕಳೆಯುವಂತಿರಲಿಲ್ಲ. ಇಡೀ ಕಡತ ಒಂದೇ ಬಟ್ಟೆಯಲ್ಲವೆ? ಇಂದಿನ ಕಡತದಲ್ಲಿ ಬರಹವನ್ನು ಒರೆಸಲಾಗದು, ಹಾಳೆ ಮಾತ್ರ ಕಾಣೆಯಾಗುತ್ತದೆ. ಹೆಸರು ಉಳಿಯಿತು, ಗುಣ ತಲೆಕೆಳಗಾಯಿತು.

ಹೊರದೇಶದವರು ಈ ತೂತಿನ ಸಮಸ್ಯೆಯನ್ನು ಬಗೆಹರಿಸಿಕೊಳ್ಳಲಿಲ್ಲವೆ ಎಂದರೆ, ಜರ್ಮನಿಯ ಬಾನ್ ನಗರದ ಫ್ರೀಡ್ರಿಕ್ ಸೊಯೆನ್ನೆಕೆನ್ ಎಂಬಾತ ೧೮೮೬ರಲ್ಲಿಯೇ ಕಾಗದಕ್ಕೆ ತೂತು ಹಾಕುವ ಯಂತ್ರಕ್ಕೆ ಪೇಟೆಂಟು ಪಡೆದ. ಇಂದು ಅಂತರರಾಷ್ಟ್ರೀಯ ಮಾನಕದ ಪ್ರಕಾರ ತೂತುಗಳು ಎರಡು. ಅವುಗಳ ನಡುವೆ ೮೦ ಮಿಲಿಮೀಟರು, ಅಂಚಿನಿಂದ ೧೨ ಮಿಲಿಮೀಟರು. ಎರಡು ತೂತುಗಳಿರುವುದರಿಂದ ಹಾಳೆ ಬೀಸಣಿಗೆಯಾಗುವುದಿಲ್ಲ; ಅಂಚಿನಲ್ಲಿ ಜಾಗ ಬಿಟ್ಟು ಬರೆಯುವುದು ರೂಢಿಯಾದ ಕಡೆ ಅಕ್ಷರಕ್ಕೂ ಅಪಾಯವಿಲ್ಲ. ಅಂದರೆ ನಮ್ಮ ಓಲೆಯ ಲಿಪಿಕಾರನ ವಿವೇಕವನ್ನೇ ಅವರು ಅಳತೆಪಟ್ಟಿ ಹಿಡಿದು ಕಾಯಿದೆಯಾಗಿಸಿಕೊಂಡರು. ಯಂತ್ರ ನಮ್ಮಲ್ಲಿಗೂ ಬಂದಿತು. ಅಂಚು ಬಿಡುವ ಶಿಸ್ತು ಅದರೊಡನೆ ಹಡಗು ಹತ್ತಲಿಲ್ಲ.

ಇನ್ನು ನನ್ನ ಯೋಜನೆ. ಹಾಸನದಲ್ಲಿ ರಟ್ಟು ಕಟ್ಟುವ ಯಜಮಾನರೊಬ್ಬರಿದ್ದಾರೆ. ಶಾಲೆಯ ಲೈಬ್ರರಿ ಪುಸ್ತಕಗಳಿಗೆಂದು ಅವರ ಪರಿಚಯ. ಅವರೂ ನಾನೂ ಸೇರಿ ಕೆಲವು ಮಾದರಿಗಳನ್ನು ಮಾಡಿದೆವು. ಅದರ ಜೀವಾಳ ಇಷ್ಟೇ: ತೂತು ಹೊದಿಕೆಗೆ ಬೀಳಲಿ, ಹಾಳೆಗೆ ಬೇಡ. ಪ್ರತಿಯೊಂದು ದಾಖಲೆಗೂ ತೆಳುವಾದ ಗಟ್ಟಿ ಕಾಗದದ ಒಂದು ಮಡಿಕೆ. ಮಡಿಕೆಯ ಬೆನ್ನಿನಲ್ಲಿ ಒಂದಂಗುಲ ಅಗಲದ ಪಟ್ಟಿ ಹೆಚ್ಚಾಗಿ ಬಿಟ್ಟಿರುತ್ತದೆ. ಎರಡು ತೂತುಗಳು ಆ ಪಟ್ಟಿಯಲ್ಲಿ. ದಾರ ಹಾಯುವುದು ಅಲ್ಲಿಯೇ. ದಾಖಲೆ ಮಡಿಕೆಯೊಳಗೆ ಸುಮ್ಮನೆ ಮಲಗಿರುತ್ತದೆ. ಬೇಕಾದಾಗ ದಾರ ಬಿಚ್ಚದೆ ಹೊರತೆಗೆಯಬಹುದು. ತೆಗೆದಾಗ ಮಡಿಕೆ, ತನ್ನ ಮೇಲಿನ ಸಂಖ್ಯೆಯೊಡನೆ, ಖಾಲಿಯಾಗಿ ಅಲ್ಲಿಯೇ ಉಳಿಯುತ್ತದೆ. ಇದೇ ನನಗೆ ಬಹಳ ಮುಖ್ಯವೆಂದು ತೋರುವುದು. ಈಗಿನ ಫೈಲಿನಲ್ಲಿ ಒಂದು ಹಾಳೆ ಹೋದರೆ ಉಳಿದ ಹಾಳೆಗಳು ಒತ್ತಿ ಕುಳಿತು ಅದರ ಜಾಗವನ್ನು ಮುಚ್ಚಿಬಿಡುತ್ತವೆ. ಹೋದದ್ದು ಯಾರಿಗೂ ತಿಳಿಯದು. ಖಾಲಿ ಮಡಿಕೆ ಹಾಗಲ್ಲ. ಊಟದ ಪಂಕ್ತಿಯಲ್ಲಿ ಹಾಕಿದ ಎಲೆಯ ಮುಂದೆ ಆಳಿಲ್ಲದಿದ್ದರೆ ಬಡಿಸುವವನು ಕೇಳುವುದಿಲ್ಲವೆ, ಇಲ್ಲಿದ್ದವರು ಎಲ್ಲಿ ಎಂದು? ಹಾಗೆ. ತಾಮ್ರಪಟದ ಮುದ್ರೆಯ ಕೆಲಸವನ್ನು ಈ ಬರಿಯ ಕಾಗದದ ಮಡಿಕೆ ಅಷ್ಟರಮಟ್ಟಿಗೆ ಮಾಡೀತು.

ಮಡಿಕೆಯ ಕೆಳಬದಿಯನ್ನೂ ಒಂದಂಗುಲ ಮಡಿಸಿದರೆ ಫೈಲನ್ನು ನಿಲ್ಲಿಸಿ ಹಿಡಿದಾಗ ಹಾಳೆ ಜಾರದೆಂದು ಸೂಚಿಸಿದವರು ಯಜಮಾನರು. ಬೆನ್ನಿಗೆ ರಟ್ಟಿನ ಬದಲು ಬಟ್ಟೆಯನ್ನು ನೆರಿಗೆಯಾಗಿ ಕೂರಿಸಿ, ಹಾಳೆ ಹೆಚ್ಚಿದಂತೆ ಹಿಗ್ಗುವ ಹಾಗೆ ಮಾಡಿದವರೂ ಅವರೇ. ‘ಮೇಷ್ಟ್ರೇ, ಬಸುರಿ ಸೀರೆ ಉಟ್ಟ ಹಾಗಿರಬೇಕು, ಬಿಗಿದೂ ಇರಬೇಕು, ಜಾಗವೂ ಇರಬೇಕು’ ಎಂದರು. ನಾನು ಅಷ್ಟು ಚೆನ್ನಾಗಿ ಹೇಳಲಾರೆ.

ಎರಡು ರಟ್ಟುಗಳ ಅಳತೆ ಒಳಗಿರಬಹುದಾದ ಅತ್ಯಂತ ಉದ್ದನೆಯ ಕಾಗದಕ್ಕಿಂತ ಹೆಚ್ಚಾಗಿರಬೇಕು. ಈಗ ಎಲ್ಲೆಲ್ಲೂ ಎ೪ ಕಾಗದ. ೨೦೨೦ರಲ್ಲಿ ಸುಪ್ರೀಂ ಕೋರ್ಟು ಕೂಡ ಅದನ್ನೇ ಒಪ್ಪಿಕೊಂಡಿತು. ಅದರ ಉದ್ದ ೨೯೭ ಮಿಲಿಮೀಟರು. ಆದರೆ ಹಳೆಯ ದಾಖಲೆಗಳೆಲ್ಲ ಹದಿಮೂರೂವರೆ, ಹದಿನಾಲ್ಕು ಅಂಗುಲದ ಹಾಳೆಗಳು. ಎ೪ ಅಳತೆಗೆ ಮಾಡಿದ ಫೈಲಿನಿಂದ ಇವು ಗಿಡ್ಡ ಹೊದಿಕೆಯಿಂದ ಕಾಲು ಹೊರಚಾಚಿದಂತೆ ಹೊರಬಂದು ತುದಿ ಮುದುರಿ ಹರಿಯುತ್ತವೆ. ಆದ್ದರಿಂದ ರಟ್ಟು ಹದಿನೈದು ಅಂಗುಲ ಉದ್ದ ಇರಲಿ. ಒಳಗಿನ ಮಡಿಕೆಗೆ ಅಗ್ಗದ ಕಂದು ಕಾಗದ ಬೇಡ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಹುಟ್ಟುವ ಆಮ್ಲ ತನ್ನನ್ನೂ ಸುಟ್ಟುಕೊಂಡು ಪಕ್ಕದ ಹಾಳೆಯನ್ನೂ ಸುಡುತ್ತದೆ. ಇದಕ್ಕೆ ಸಂಗ್ರಹಾಲಯದವರ ಮದ್ದು, ತಯಾರಿಕೆಯಲ್ಲಿಯೇ ಸುಣ್ಣದ ಜಾತಿಯ ಪುಡಿಯನ್ನು ಸೇರಿಸಿದ ಆಮ್ಲರಹಿತ ಕಾಗದ. ಹತ್ತಿಬಟ್ಟೆಯ ಚಿಂದಿಯಿಂದ ಆಮ್ಲವಿಲ್ಲದಂತೆ ಮಾಡಿದ ಕೈಕಾಗದವಾದರೂ ಆದೀತು. ಕಟ್ಟುವುದಕ್ಕೆ ನೂಲಿನ ಪಟ್ಟಿ. ರಬ್ಬರು ಖಂಡಿತ ಕೂಡದು. ಅದು ಮೊದಲು ಅಂಟಾಗಿ, ಆಮೇಲೆ ಕಡ್ಡಿಯಾಗಿ, ಕೊನೆಗೆ ಕಾಗದದ ಮೇಲೆ ಕಲೆಯಾಗಿ ಉಳಿಯುತ್ತದೆ.

ಎಲ್ಲ ಊರಿಗೂ ಒಂದೇ ಫೈಲು ಒಗ್ಗುವುದೇ ಎಂಬ ಪ್ರಶ್ನೆಯುಂಟು. ಅರಕಲಗೂಡಿನ ಕಡೆ ಮಲೆನಾಡಿನ ಸೆರಗು. ಮಳೆಗಾಲದಲ್ಲಿ ಗೋಡೆಗೆ ಒರಗಿಸಿಟ್ಟ ರಟ್ಟು ಹಪ್ಪಳದಂತೆ ಸೊಟ್ಟಗಾಗುತ್ತದೆ. ಚನ್ನರಾಯಪಟ್ಟಣ ಬಯಲುಸೀಮೆ, ಅಲ್ಲಿಯ ಶತ್ರು ಧೂಳು. ಗೆದ್ದಲಿಗೆ ಎರಡು ಊರೂ ಒಂದೇ. ರಟ್ಟಿನ ಹೊರಮೈಗೆ ಬಟ್ಟೆಯ ಹೊದಿಕೆ ಹಾಕಿ, ಒಳಗೆ ಮೂರು ಕಡೆಯಿಂದಲೂ ಮುಚ್ಚುವ ಕಿವಿಗಳನ್ನಿಟ್ಟರೆ ಗಾಳಿಯಾಡುತ್ತದೆ, ಧೂಳು ನುಗ್ಗುವುದಿಲ್ಲ. ಗೆದ್ದಲಿಗೆ ಯಾವ ಫೈಲೂ ಉತ್ತರವಲ್ಲ. ಅದಕ್ಕೆ ಬೀರುವನ್ನು ಗೋಡೆಯಿಂದ ಗೇಣು ದೂರ ಸರಿಸಿಡುವುದು, ಆಗಾಗ್ಗೆ ತೆಗೆದು ನೋಡುವುದು.

ಎಲ್ಲವೂ ಕಂಪ್ಯೂಟರಿನಲ್ಲಿ ಬಂದುಹೋಯಿತಲ್ಲ, ಈ ಮುದುಕನಿಗೇನು ಮರುಳು ಎಂದು ಯುವಕ ವಾಚಕರು ನಗುತ್ತಿರಬಹುದು. ನಗುವ ಮುನ್ನ ಒಂದು ವಿಷಯವನ್ನು ಗಮನಿಸಬೇಕು. ಭೂಮಿ ಯೋಜನೆ ಬಂದು ಪಹಣಿಯನ್ನು ಕೈಯಲ್ಲಿ ಬರೆಯುವುದು ನಿಂತು ಇಪ್ಪತ್ತು ವರ್ಷಗಳ ಮೇಲಾಯಿತು. ಆದರೆ ಅದಕ್ಕೂ ಹಿಂದಿನ ಪಹಣಿ, ಮಂಜೂರಾತಿ, ಖಾತೆ ಬದಲಾವಣೆಗಳ ಕಾಗದಗಳು ತಾಲ್ಲೂಕು ಕಚೇರಿಗಳ ದಾಖಲೆ ಕೋಣೆಗಳಲ್ಲಿ ಬಟ್ಟೆಯ ಗಂಟುಗಳಲ್ಲಿಯೇ ಉಳಿದುವು. ಅವುಗಳನ್ನು ಸ್ಕ್ಯಾನು ಮಾಡಿ ಉಳಿಸಲು ರಾಜ್ಯ ಸರ್ಕಾರ ೨೦೨೪ರಲ್ಲಿ ಭೂ ಸುರಕ್ಷಾ ಎಂಬ ಯೋಜನೆಯನ್ನು ಆರಂಭಿಸಿತು. ಇದು ನಿಜವಾಗಿಯೂ ಒಳ್ಳೆಯ ಕೆಲಸ, ಪ್ರಶಂಸೆಗೆ ಅರ್ಹವಾದುದು. ಆದರೆ ತೂತು ಬಿದ್ದ ಹಾಳೆಯ ಚಿತ್ರದಲ್ಲಿಯೂ ತೂತು ಇರುತ್ತದೆ. ಚಿತ್ರ ಮಸುಕಾಗಿದೆ, ಹಿಂಬದಿಯ ಷರಾ ಬಂದಿಲ್ಲ, ಸಹಿ ನಿಜವೇ ಎಂಬ ಸಂದೇಹ ಬಂದಾಗಲೆಲ್ಲ ಮೂಲ ಹಾಳೆಯ ಬಳಿಗೇ ಹೋಗಬೇಕು.

ದಶಕಗಳಿಂದ ಯಾರೂ ಬಿಚ್ಚದಿದ್ದ ಗಂಟುಗಳನ್ನು ಈಗ ಬಿಚ್ಚುತ್ತಾರೆ. ತುಕ್ಕು ಹಿಡಿದ ಸೂಜಿಯನ್ನು ಕಿತ್ತು, ಮುದುರಿದ ಹಾಳೆಯನ್ನು ಬಿಡಿಸಿ, ಎಣಿಸಿ, ಸಂಖ್ಯೆ ಹಾಕಿ, ಯಂತ್ರದ ಕೆಳಗಿಡುತ್ತಾರೆ. ಇಷ್ಟು ಉಪಚಾರ ಆ ಕಾಗದಕ್ಕೆ ಮತ್ತೊಮ್ಮೆ ನಡೆಯುವುದು ಅನುಮಾನ. ಚಿತ್ರ ತೆಗೆದಾದ ಮೇಲೆ ಅದನ್ನು ಮತ್ತೆ ಯಾವುದರಲ್ಲಿ ಇಡುತ್ತಾರೆ? ಹಳೆಯ ಟ್ಯಾಗಿಗೇ ಪೋಣಿಸಿ, ಹಳೆಯ ರಟ್ಟಿನೊಳಗೇ ತುರುಕಿದರೆ, ಸ್ನಾನ ಮಾಡಿಸಿ ಕೊಳೆ ಬಟ್ಟೆಯನ್ನೇ ತೊಡಿಸಿದಂತಾಗುವುದಿಲ್ಲವೆ? ಒಳ್ಳೆಯ ಫೈಲಿಗೆ ಇದೇ ತಕ್ಕ ಸಮಯವೆಂದು ನಾನು ಹೇಳಿದುದು ಈ ಕಾರಣಕ್ಕೆ.

ಸಾಹಿತ್ಯದ ಪುಟದಲ್ಲಿ ಕಂದಾಯದ ಮಾತು ಹೆಚ್ಚಾಯಿತೆನ್ನುವವರಿಗೆ ಒಂದು ಮಾತು. ಊರಿನ ಹೆಸರನ್ನು ತಮ್ಮ ಹೆಸರಿನಲ್ಲಿಯೇ ಹೊತ್ತಿದ್ದ ಅರಕಲಗೂಡು ನರಸಿಂಗರಾಯ ಕೃಷ್ಣರಾಯರು, ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಈ ಸೀಮೆಗೆ ಸೇರಿದವರು. ಅವರಂತೆ ಬರೆದವರ, ಅವರಿಗಿಂತ ಕಡಮೆ ಹೆಸರು ಪಡೆದವರ ಮನೆಗಳ ಅಟ್ಟದ ಮೇಲೆ ಹಸ್ತಪ್ರತಿಗಳೂ ಪತ್ರಗಳೂ ಇನ್ನೂ ಇರಬಹುದು. ಅವೂ ಬಿಡಿಹಾಳೆಗಳೇ. ಕಾಗದಕ್ಕೆ ಪಹಣಿ ಬೇರೆ, ಕವನ ಬೇರೆ ಎಂಬ ಭೇದವಿಲ್ಲ. ಸೂಜಿಯ ತುಕ್ಕಿಗಂತೂ ಮೊದಲೇ ಇಲ್ಲ.

ನಮ್ಮ ಮಾದರಿಯ ಬೆಲೆ ಅಂಗಡಿಯ ಫೈಲಿಗಿಂತ ಹೆಚ್ಚು, ಅದನ್ನು ಮುಚ್ಚಿಡುವುದಿಲ್ಲ. ಎಲ್ಲ ಕಾಗದಕ್ಕೂ ಇದು ಬೇಕಿಲ್ಲ. ರಜೆಯ ಅರ್ಜಿಗೆ, ಟಪ್ಪಾಲಿನ ರಸೀತಿಗೆ ಈಗಿರುವ ರಟ್ಟೇ ಸಾಕು. ಶಾಶ್ವತವಾಗಿ ಉಳಿಯಬೇಕಾದ ದಾಖಲೆಗಳನ್ನು ಆರಿಸಿ ಅವಕ್ಕೆ ಮಾತ್ರ ಮಾಡಿಸಲಿ. ಒಮ್ಮೆಗೇ ಜಿಲ್ಲೆಗೆಲ್ಲ ಬೇಡ. ನಾಲ್ಕು ತಾಲ್ಲೂಕುಗಳಲ್ಲಿ ತಾಲ್ಲೂಕಿಗೊಂದು ಹೋಬಳಿಯ ಮಂಜೂರಾತಿ ಕಾಗದಗಳನ್ನು ಆರಿಸಿಕೊಳ್ಳಲಿ. ಸ್ಥಳೀಯವಾಗಿ ರಟ್ಟು ಕಟ್ಟುವವರಿಗೇ ಕೆಲಸ ಕೊಡಲಿ. ಅಚ್ಚಿನ ಪುಸ್ತಕಗಳ ಕೆಲಸ ಕಡಮೆಯಾಗಿ ಅವರ ಕೈಗಳು ಖಾಲಿಯಿವೆ. ಮುಂಗಾರಿಗೆ ಮೊದಲು ಕಟ್ಟಿಟ್ಟು, ಎರಡು ಮಳೆಗಾಲ ಕಳೆದ ಮೇಲೆ ಅರಕಲಗೂಡ

ಿನದೊಂದನ್ನೂ ಚನ್ನರಾಯಪಟ್ಟಣದ್ದೊಂದನ್ನೂ ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ಬಿಚ್ಚಿ, ಮಡಿಕೆಗಳನ್ನು ಎಣಿಸಿ ನೋಡಲಿ. ನೋಡುವ ದಿನ ಹಾಸನದ ಆ ಯಜಮಾನರನ್ನೂ ಕರೆಯಲಿ.